ಕಾಕಾನ ಆಪರೇಷನ್: ಹೈದರಾಬಾದಿನ ರೋಬೋಟಾ, ನಮ್ಮೂರ ಸರ್ಜನ್ ಕೈಯಾ?

ನಮ್ಮ ಕಾಕಾಗೆ ಪ್ರಾಸ್ಟೇಟ್ ಕ್ಯಾನ್ಸರ್. ವಯಸ್ಸು 66. ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ) 17, ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರು ಎಂಬ ಅಂಕ) 4+3. ಎಂಆರ್‌ಐ ಮತ್ತು ಬೋನ್ ಸ್ಕ್ಯಾನ್‌ನಲ್ಲಿ ಹೊರಗೆ ಹರಡಿದ ಗುರುತಿಲ್ಲ. ಪ್ರಾಸ್ಟೇಟ್ ತೆಗೆಯಬೇಕು, ಜೊತೆಗೆ ಕಿಬ್ಬೊಟ್ಟೆಯ ಲಿಂಫ್ ಗಂಟುಗಳನ್ನೂ ತೆಗೆಯಬೇಕು ಎಂದಿದ್ದಾರೆ. ಹೈದರಾಬಾದಿನಲ್ಲಿ ರೋಬೋಟಿನಿಂದ ತೆಗೆಸುವುದೋ, ನಮ್ಮೂರಲ್ಲೇ ಹೊಟ್ಟೆ ಕೊಯ್ದು, ಅಂದರೆ ಓಪನ್ ಮಾಡಿಸಿ ತೆಗೆಸುವುದೋ ಎಂಬಲ್ಲಿ ಮನೆಯಲ್ಲಿ ಎರಡು ಮಾತು. ಅಣ್ಣ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ತಂಗಿ ಇದೇ ಊರಿನಲ್ಲಿ 14 ವರ್ಷದಿಂದ ಓಟಿ (ಆಪರೇಷನ್ ಕೋಣೆ) ನರ್ಸ್. ಊಟಕ್ಕೆ ಕುಳಿತಾಗೆಲ್ಲ ಇದೇ ಮಾತು ಬಂದು ಅವ್ವನಿಗೆ ಸಂಕಟವಾಗತೊಡಗಿತು. ಹಾಗಾಗಿ ರೋಬೋಟಿನ ಪರ ಅಣ್ಣ, ವಿರೋಧ ತಂಗಿ, ಇಬ್ಬರೂ ಅವರವರ ಮಾತು ಬರೆದಿಡೋಣ ಎಂದುಕೊಂಡೆವು. ಇದೇ ಪ್ರಶ್ನೆ ಹಿಡಿದು ಕುಳಿತ ಮನೆಗಳು ನಮ್ಮ ಭಾಗದಲ್ಲಿ ಇನ್ನೂ ಇವೆ ಅಲ್ವಾ?

ಪರ: ರೋಬೋಟಿನಲ್ಲೇ ಮಾಡಿಸೋಣ

2009ರಲ್ಲಿ ಅಪ್ಪನಿಗೂ ಇದೇ ಕಾಯಿಲೆ, ಇದೇ ಆಪರೇಷನ್. ಪರ ಊರಿನ ಒಂದು ಆಸ್ಪತ್ರೆಯಲ್ಲಿ ಮಾಡಿಸಿದೆವು. ಹೊಕ್ಕುಳಿನ ಕೆಳಗಿನಿಂದ ಉದ್ದಕ್ಕೆ ಕೊಯ್ದಿದ್ದರು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಹೊರಗೆ ಬಂದು, ರಕ್ತ ಬೇಕು, ಬೇಗ ಎಂದರು. ನಾನೊಂದು ಬಾಟಲಿ ಕೊಟ್ಟೆ, ಮಾಮಾ ಒಂದು ಕೊಟ್ಟರು, ಮೂರನೆಯದಕ್ಕೆ ಗುರುತಿಲ್ಲದ ಹುಡುಗನೊಬ್ಬನ ಕೈ ಹಿಡಿದು ಬೇಡಿಕೊಂಡೆ. ಆ ಹುಡುಗನ ಮುಖ ಇವತ್ತಿಗೂ ಕಣ್ಣಮುಂದೆ ಇದೆ. ಅಪ್ಪ ಆಸ್ಪತ್ರೆಯಲ್ಲಿ ಇದ್ದದ್ದು 11 ದಿನ. ಗಾಯದ ಕೆಳಗಿನ ತುದಿಯಲ್ಲಿ ಕೀವಾಗಿ ಹೊಲಿಗೆ ಬಿಟ್ಟಿತು.

ಅದೆಲ್ಲ ಹೋಗಲಿ. ಮೂತ್ರಕ್ಕೆ ಹಾಕಿದ್ದ ಪೈಪು ತೆಗೆದ ಮೇಲೆ ಮೂತ್ರ ನಿಲ್ಲಲಿಲ್ಲ. ಕೆಮ್ಮಿದರೆ ಸೋರುತ್ತಿತ್ತು, ಎದ್ದರೆ ಸೋರುತ್ತಿತ್ತು. ವರ್ಷಗಟ್ಟಲೆ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆದ ಮನುಷ್ಯ, ಮುಂದಿನ ವರ್ಷ ತೇರಿನ ದಿನ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಧೋತ್ರ ಒದ್ದೆಯಾದರೆ ಜನ ಏನಂದಾರು ಎಂಬ ಅಂಜಿಕೆ. ಆ ಮೇಲೆ ಅವರು ಬದುಕಿದ್ದು ಏಳು ವರ್ಷ. ಕ್ಯಾನ್ಸರ್ ಮರಳಿ ಬರಲಿಲ್ಲ. ಆದರೆ ಜಾತ್ರೆಗೂ ಅವರು ಮರಳಲಿಲ್ಲ.

ಅದಕ್ಕೇ ಕಾಕಾನ ರಿಪೋರ್ಟ್ ಕೈಗೆ ಬಂದ ದಿನ ನನ್ನ ತಲೆಯಲ್ಲಿ ಮೊದಲು ಬಂದದ್ದು, ಈ ಸಲ ಹೊಟ್ಟೆ ಕೊಯ್ಸಬಾರದು ಎಂಬುದು.

ರೋಬೋಟ್ ಅಂದರೆ ಯಂತ್ರ ತಾನಾಗಿ ಕೊಯ್ಯುತ್ತದೆ ಎಂದು ಕಾಕಾ ತಿಳಿದಿದ್ದರು. ಹಾಗಲ್ಲ. ಹೊಟ್ಟೆಯ ಮೇಲೆ ಐದಾರು ಸಣ್ಣ ತೂತು, ಒಂದೊಂದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಒಂದರೊಳಗೆ ಕ್ಯಾಮೆರಾ, ಉಳಿದವುಗಳಲ್ಲಿ ತೆಳ್ಳನೆ ಸಲಕರಣೆ. ಸರ್ಜನ್ ಅದೇ ಕೋಣೆಯಲ್ಲಿ ಸ್ವಲ್ಪ ದೂರ ಒಂದು ಮೇಜಿನ ಮುಂದೆ ಕುಳಿತು, ಆಳ ಕಾಣುವ, ಹತ್ತು ಪಟ್ಟಿನವರೆಗೆ ದೊಡ್ಡದಾದ ಚಿತ್ರ ನೋಡುತ್ತಾ ಬೆರಳು ಆಡಿಸುತ್ತಾರೆ. ಅವರ ಬೆರಳು ಆಡಿದಂತೆ ಒಳಗಿನ ಸಲಕರಣೆ ಆಡುತ್ತದೆ. ಕೈ ನಡುಗಿದರೆ ಆ ನಡುಕ ಒಳಗೆ ಹೋಗುವುದಿಲ್ಲ. ಮಣಿಕಟ್ಟು ತಿರುಗದ ಕಡೆ ಅದು ತಿರುಗುತ್ತದೆ. ಇಷ್ಟೇ.

ಇದು ಯಾಕೆ ಮುಖ್ಯ? ಪ್ರಾಸ್ಟೇಟ್ ಇರುವ ಜಾಗ ನೋಡಿ. ಮೂತ್ರಕೋಶದ ಕೆಳಗೆ, ಸೊಂಟದ ಎಲುಬಿನ ಹಿಂದೆ, ಬಾವಿಯ ತಳದಲ್ಲಿ ಇದ್ದಂತೆ. ಅದರ ಮುಂದೆ ದಪ್ಪ ರಕ್ತನಾಳಗಳ ಒಂದು ಬಲೆ. ಎರಡೂ ಪಕ್ಕಕ್ಕೆ ಗಂಡಸುತನದ ನರಗಳು. ಕೆಳಗೆ ಮೂತ್ರ ತಡೆಯುವ ಸ್ನಾಯು. ಪ್ರಾಸ್ಟೇಟ್ ತೆಗೆದ ಮೇಲೆ ಮೂತ್ರಕೋಶವನ್ನು ಕೆಳಗೆ ಎಳೆದು ಮೂತ್ರನಾಳಕ್ಕೆ ಸುತ್ತಲೂ ಹೊಲಿಯಬೇಕು. ಬಾವಿಯ ತಳದಲ್ಲಿ, ರಕ್ತ ತುಂಬಿದ ಜಾಗದಲ್ಲಿ ಹೊಲಿಯುವುದಕ್ಕೂ, ಎದುರಿಗೆ ದೊಡ್ಡದಾಗಿ ಕಾಣುವಾಗ ಹೊಲಿಯುವುದಕ್ಕೂ ವ್ಯತ್ಯಾಸ ಇಲ್ಲವಾ?

ರಕ್ತ ಕಡಿಮೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ರೋಬೋಟ್ ಆಪರೇಷನ್‌ನಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಆ ಒತ್ತಡಕ್ಕೆ ಸಣ್ಣ ರಕ್ತನಾಳಗಳು ಒತ್ತಿಕೊಂಡು ಸೋರುವುದು ತಗ್ಗುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 326 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದರು. 2016ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ ಓಪನ್ ಗುಂಪಿನವರಿಗೆ ಸರಾಸರಿ 1338 ಮಿಲಿ ರಕ್ತ ಹೋಗಿತ್ತು, ರೋಬೋಟ್ ಗುಂಪಿಗೆ 443 ಮಿಲಿ. ಆಸ್ಪತ್ರೆಯಲ್ಲಿ ಇದ್ದದ್ದು ಒಂದು ಕಡೆ ಮೂರು ದಿನದ ಮೇಲೆ, ಇನ್ನೊಂದು ಕಡೆ ಒಂದೂವರೆ ದಿನ. ಮೊದಲ ವಾರದ ನೋವೂ ರೋಬೋಟ್‌ನವರಿಗೆ ಕಡಿಮೆ. ಇದು ಕಂಪನಿಯವರ ಜಾಹೀರಾತಲ್ಲ, ಪಕ್ಷಪಾತವಾಗದ ಹಾಗೆ ಎಚ್ಚರಿಕೆಯಿಂದ ಮಾಡಿದ ಪರೀಕ್ಷೆ. ಆ 1338 ಓದಿದಾಗ ನನಗೆ ಅಪ್ಪನ ಮೂರು ಬಾಟಲಿ ನೆನಪಾಯಿತು.

ಈಗ ಲಿಂಫ್ ಗಂಟಿನ ವಿಷಯ. ಪುಸ್ತಕದಲ್ಲಿ ದುಗ್ಧರಸ ಗ್ರಂಥಿ ಅನ್ನುತ್ತಾರೆ, ನಾವು ಗಂಟು ಅಂತಲೇ ಅನ್ನೋಣ. ಕ್ಯಾನ್ಸರ್ ಪ್ರಾಸ್ಟೇಟ್‌ನಿಂದ ಹೊರಟರೆ ಮೊದಲು ಕೂರುವ ಜಾಗಗಳಲ್ಲಿ ಇವು ಮುಖ್ಯ. ಬರಿಗಣ್ಣಿಗೆ ಚೆನ್ನಾಗಿ ಕಂಡ ಗಂಟಿನಲ್ಲೂ ಕಾಳಿನಷ್ಟು ಕ್ಯಾನ್ಸರ್ ಇರಬಹುದು, ಸ್ಕ್ಯಾನ್‌ಗೆ ಸಿಗದೆ ಇರಬಹುದು. ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರಷ್ಟೇ ಗೊತ್ತಾಗುವುದು. ಕಾಕಾನಂಥ ಗ್ಲೀಸನ್ ಮತ್ತು ಪಿಎಸ್‌ಎ ಇದ್ದರೆ ಗಂಟಿನಲ್ಲಿ ಇರುವ ಸಾಧ್ಯತೆ ಲೆಕ್ಕ ಹಾಕಿ, ಅದು ಒಂದು ಮಟ್ಟ ಮೀರಿದರೆ ತೆಗೆಯಬೇಕು ಎನ್ನುತ್ತಾರೆ. ಗಂಟುಗಳು ಇರುವುದು ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳ ಮೈಗೆ ಅಂಟಿಕೊಂಡು. ತೊಡೆ ಒಳಗೆ ಎಳೆಯುವ ಸ್ನಾಯುವಿನ ನರವೊಂದು ಅಲ್ಲೇ ಮಧ್ಯದಲ್ಲಿ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ನಡಿಗೆಯೇ ಕೆಡುತ್ತದೆ. ಅಂಥ ಜಾಗದಲ್ಲಿ ದೊಡ್ಡದಾಗಿ ಕಾಣುವ ಕಣ್ಣು ಬೇಕು.

ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1400ಕ್ಕೂ ಹೆಚ್ಚು ಜನರಲ್ಲಿ, ಸ್ವಲ್ಪ ಜಾಗದ ಗಂಟು ತೆಗೆಯುವುದನ್ನೂ ಅಗಲವಾಗಿ ತೆಗೆಯುವುದನ್ನೂ ಹೋಲಿಸಿದರು. ಮೊದಲ ವರ್ಷಗಳಲ್ಲಿ ಪಿಎಸ್‌ಎ ಮರಳಿ ಏರಿದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನಷ್ಟು ವರ್ಷ ಕಾದು ನೋಡಿದಾಗ ಅಗಲವಾಗಿ ತೆಗೆದವರಲ್ಲಿ ದೂರದ ಎಲುಬಿಗೆ, ಬೇರೆ ಅಂಗಕ್ಕೆ ಹರಡಿದ್ದು ಕಡಿಮೆ ಇತ್ತು. ಅಂದರೆ ಈ ಕೆಲಸ ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ, ಚೊಕ್ಕಟವಾಗಿ ಆಗಬೇಕು. ಗಂಟು ತೆಗೆದ ಜಾಗದಲ್ಲಿ ನೀರು ತುಂಬಿ ಚೀಲವಾಗುವುದೂ ಉಂಟು. ರೋಬೋಟ್ ಸಾಮಾನ್ಯವಾಗಿ ಹೊಟ್ಟೆಯ ಒಳಪೊರೆ ದಾಟಿ ಹೋಗುವುದರಿಂದ ಆ ನೀರು ಹೊಟ್ಟೆಯೊಳಗೆ ಹರಿದು ಇಂಗಿಹೋಗಲು ದಾರಿ ಇರುತ್ತದೆ.

ಹಣದ ಮಾತು ಬಂದೇ ಬರುತ್ತದೆ. ಹೈದರಾಬಾದಿನ ಆಸ್ಪತ್ರೆ ಕೊಟ್ಟ ಅಂದಾಜು ಐದೂವರೆ ಲಕ್ಷ. ಓಪನ್ ಆದರೆ ಅದರ ಅರ್ಧಕ್ಕೂ ಕಡಿಮೆ. ಗೊತ್ತು. ಆದರೆ ಅಪ್ಪನ ಲೆಕ್ಕದಲ್ಲಿ 11 ದಿನದ ವಾರ್ಡ್ ಬಾಡಿಗೆ, ಹೊರಗೆ ನಮ್ಮ ಊಟ ವಸತಿ, ಮರುಕಳಿಸಿದ ಕೀವಿನ ಡ್ರೆಸ್ಸಿಂಗ್, ನಾಲ್ಕು ವರ್ಷದ ಪ್ಯಾಡ್ ಇವನ್ನು ಯಾರೂ ಬರೆದಿಟ್ಟಿರಲಿಲ್ಲ. ನಾನು ಕೂತು ಬರೆದು ನೋಡಿದೆ, ಕಡಿಮೆ ಏನಲ್ಲ. ವಿಮೆ ಇದ್ದವರು ಇದೊಂದು ತಿಳಿದಿರಲಿ: ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2019ರ ನಿಯಮದಲ್ಲಿ ರೋಬೋಟ್ ಸರ್ಜರಿಯನ್ನು ಪೂರ್ತಿ ಹೊರಗಿಡುವಂತಿಲ್ಲ, ಮಿತಿ ಮಾತ್ರ ಹಾಕಬಹುದು. ನಿಮ್ಮ ಪಾಲಿಸಿಯ ಮಿತಿ ಎಷ್ಟು ಎಂದು ಮೊದಲೇ ಕೇಳಿ.

ಇದು ನಿನ್ನೆ ಬಂದ ಹೊಸ ಆಟಿಕೆಯೂ ಅಲ್ಲ. 2000ನೇ ಇಸವಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ಸಲ ರೋಬೋಟಿನಿಂದ ಪ್ರಾಸ್ಟೇಟ್ ತೆಗೆದರು. ಆ ಮೇಲೆ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇದನ್ನು ದಿನನಿತ್ಯದ ಆಪರೇಷನ್ ಮಾಡಿದವರು ಭಾರತ ಮೂಲದ ಡಾ. ಮಣಿ ಮೆನನ್. ಈಗ ಗುರುಗ್ರಾಮದಲ್ಲಿ ಎಸ್‌ಎಸ್‌ಐ ಮಂತ್ರ ಎಂಬ ಸ್ವದೇಶಿ ರೋಬೋಟ್ ತಯಾರಾಗುತ್ತಿದೆ. ಕಾಲು ಶತಮಾನ ಕಳೆದ ಮೇಲೂ ಕಲಬುರಗಿ ಜನ ಮಾತ್ರ 2009ರ ಹಾಗೆಯೇ ಕೊಯ್ಸಿಕೊಳ್ಳಬೇಕಾ? ಹಿಂದುಳಿದ ಭಾಗ ಎಂಬ ಹೆಸರು ಹೊತ್ತು ಸಂವಿಧಾನದ 371ಜೆ ವಿಶೇಷ ಸ್ಥಾನ ಪಡೆದೆವು. ಕಾಯಿಲೆ ಬಂದಾಗ ಒಳ್ಳೆಯದು ಎಲ್ಲಿದೆಯೋ ಅಲ್ಲಿಗೆ ಹೋಗಲು ಹಿಂಜರಿದರೆ ಹಿಂದುಳಿದದ್ದು ನಮ್ಮ ಮನಸ್ಸೂ ಹೌದು.

ಹೈದರಾಬಾದ್ ಏನು ದೂರ? ತೊಗರಿ ವ್ಯಾಪಾರಕ್ಕೆ, ಮದುವೆ ಸೀರೆಗೆ ಹೋಗಿ ಬರುವ ಊರು ಅದು. ವಾಡಿ, ತಾಂಡೂರು ದಾಟಿದರೆ ಸಂಜೆಯೊಳಗೆ ಮುಟ್ಟುತ್ತೇವೆ. ತಂಗಿಗೆ ನಾನು ಕೇಳುವುದು ಒಂದೇ. ದಿನಾ ಓಟಿಯಲ್ಲಿ ನಿಲ್ಲುವವಳು ನೀನು. ಸಣ್ಣ ತೂತಿನ ಪೇಷಂಟ್ ಎರಡನೇ ದಿನಕ್ಕೆ ಎದ್ದು ನಡೆಯುವುದನ್ನು ನೀನೇ ಬಂದು ಹೇಳುತ್ತಿರುತ್ತೀ. ನಮ್ಮ ಕಾಕಾಗೆ ಮಾತ್ರ ಯಾಕೆ ಬೇಡ?

ವಿರೋಧ: ಯಂತ್ರ ನೋಡಿ ಹೋಗೋದು ಬೇಡ

ಅಣ್ಣ ಬರೆದದ್ದನ್ನು ಓದಿ ನನಗೆ ಅಳು ಬಂತು. ಆ ಹಿಂದಿನ ಕೋಣೆಯ ಬಾಗಿಲಿನ ಹೊರಗೆ ಊಟದ ತಟ್ಟೆ ಹಿಡಿದು ನಿಂತವಳು ನಾನೇ. ಅದಕ್ಕೇ ಅಪ್ಪನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಅಪ್ಪನಿಗೆ ಸೋರಿದ್ದು ಹೊಟ್ಟೆ ಕೊಯ್ದದ್ದಕ್ಕೆ ಅಂತ ಅಣ್ಣ ನಂಬಿದ್ದಾನೆ. ನಾನು ಆಗ ನರ್ಸಿಂಗ್ ಎರಡನೇ ವರ್ಷ. ಡಿಸ್ಚಾರ್ಜ್ ದಿನ ಆ ಸರ್ಜನ್ ಮಾತಿನ ನಡುವೆ, ಇಂಥ ಕೇಸು ನಮ್ಮಲ್ಲಿ ವರ್ಷಕ್ಕೆ ನಾಲ್ಕೋ ಐದೋ ಬರುತ್ತವೆ ಎಂದರು. ಅದರ ಅರ್ಥ ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ವರ್ಷಕ್ಕೆ ನಾಲ್ಕು ಮಾಡುವ ಕೈ ಮತ್ತು ತಿಂಗಳಿಗೆ ನಾಲ್ಕು ಮಾಡುವ ಕೈ ಒಂದೇ ಅಲ್ಲ. ಆಪರೇಷನ್‌ಗೆ ಮೊದಲು ನಾವು ಐದು ಜನ ಆ ಕೋಣೆಯಲ್ಲಿ ಕುಳಿತಿದ್ದೆವು. ಎಷ್ಟು ಮಾಡಿದ್ದೀರಿ ಸರ್ ಎಂದು ಒಬ್ಬರೂ ಕೇಳಲಿಲ್ಲ. ಖರ್ಚು ಎಷ್ಟು ಎಂದು ಮೂರು ಸಲ ಕೇಳಿದೆವು.

ಇದಕ್ಕೆ ಲೆಕ್ಕವೂ ಇದೆ. ಅಮೆರಿಕದಲ್ಲಿ 72 ಸರ್ಜನ್‌ಗಳು ಓಪನ್ ಮಾಡಿದ 7765 ಗಂಡಸರ ದಾಖಲೆ ತೆಗೆದು 2007ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಹತ್ತೇ ಆಪರೇಷನ್ ಮಾಡಿದ್ದ ಸರ್ಜನ್ ಕೈಯಲ್ಲಿ, ಐದು ವರ್ಷದೊಳಗೆ ಕ್ಯಾನ್ಸರ್ ಮರಳುವ ಸಾಧ್ಯತೆ ನೂರಕ್ಕೆ 17.9. 250 ಮಾಡಿದ್ದವರ ಕೈಯಲ್ಲಿ 10.7. ಚಾಕು ಅದೇ, ಆಪರೇಷನ್ ಅದೇ. ಕೈ ಮಾತ್ರ ಬೇರೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ರೋಬೋಟ್ ಮತ್ತು ಓಪನ್ ನಡುವೆ ಯಾರಾದರೂ ತೋರಿಸಿದ್ದಾರಾ?

ಅಣ್ಣ ಬ್ರಿಸ್ಬೇನ್ ಪರೀಕ್ಷೆಯ ಮೊದಲ ಪುಟ ಓದಿದ್ದಾನೆ. ರಕ್ತ, ದಿನ, ನೋವು. ಅವು ನಿಜ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಪ್ಪನನ್ನು ಕೊಂದದ್ದು ರಕ್ತವಲ್ಲ, ಒದ್ದೆ ಧೋತ್ರದ ನಾಚಿಕೆ. ಆ ಪರೀಕ್ಷೆಯಲ್ಲಿ ಮೂತ್ರ ಹಿಡಿತ ಮತ್ತು ಗಂಡಸುತನ ಎರಡನ್ನೂ 6 ವಾರಕ್ಕೆ, 12 ವಾರಕ್ಕೆ, ಕೊನೆಗೆ 24 ತಿಂಗಳಿಗೆ ಅಳೆದರು. ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಸ್ವೀಡನ್‌ನಲ್ಲಿ 14 ಆಸ್ಪತ್ರೆಗಳ ಲೆಕ್ಕ ಹಾಕಿದಾಗ, ವರ್ಷದ ಮೇಲೂ ಸೋರುತ್ತಿದ್ದವರು ರೋಬೋಟ್‌ನಲ್ಲಿ ನೂರಕ್ಕೆ 21, ಓಪನ್‌ನಲ್ಲಿ ನೂರಕ್ಕೆ 20. ಐದೂವರೆ ಲಕ್ಷ ಕೊಟ್ಟು ಜಾತ್ರೆಗೆ ಹೋಗುವ ಖಾತ್ರಿ ಕೊಂಡುಕೊಳ್ಳುತ್ತೇವೆ ಅಂತ ಅಣ್ಣ ಅಂದುಕೊಂಡಿದ್ದರೆ, ಅಂಗಡಿಯಲ್ಲಿ ಆ ಸರಕೇ ಇಲ್ಲ.

ಇನ್ನೊಂದು ಮಾತು ಆ ಬ್ರಿಸ್ಬೇನ್‌ನದ್ದೇ. ಓಪನ್ ಮಾಡಿದವರು 1500ಕ್ಕೂ ಮೇಲೆ ಮಾಡಿದ್ದ ಹಿರಿಯ ಕೈ. ರೋಬೋಟ್ ಹಿಡಿದವರು 200 ಮಾಡಿದ್ದ ಕಿರಿಯರು. ಅಷ್ಟು ಕಡಿಮೆ ಅನುಭವದಲ್ಲೂ ಸಮನಾಗಿ ಬಂದದ್ದು ರೋಬೋಟಿನ ಪರ ಅಂತ ಅಣ್ಣ ಹೇಳಬಹುದು. ಹೇಳಲಿ, ಅದರಲ್ಲಿ ಸತ್ಯವಿದೆ. ನಾನು ಕೇಳುವುದು ಇಷ್ಟೇ, ಹೈದರಾಬಾದಿನಲ್ಲಿ ಕಾಕಾನನ್ನು ಮುಟ್ಟುವ ಕೈ 200 ಮಾಡಿದೆಯಾ, 20 ಮಾಡಿದೆಯಾ? ಅಂದಾಜು ಪಟ್ಟಿಯಲ್ಲಿ ಯಂತ್ರದ ಹೆಸರು ದಪ್ಪ ಅಕ್ಷರದಲ್ಲಿದೆ. ಸರ್ಜನ್ ಹೆಸರೇ ಇಲ್ಲ.

ನರ ಉಳಿಸುವುದು ರೋಬೋಟಿನ ಕೊಡುಗೆ ಎಂದು ಜನ ತಿಳಿದಿದ್ದಾರೆ. ಅದನ್ನು ಮಾಡಿ ತೋರಿಸಿದ್ದು 1982ರಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಡಾ. ಪ್ಯಾಟ್ರಿಕ್ ವಾಲ್ಶ್. ಹೊಟ್ಟೆ ಕೊಯ್ದೇ, ಕೈಯಲ್ಲೇ. ರಕ್ತನಾಳಗಳ ಬಲೆಯನ್ನು ಮೊದಲು ಕಟ್ಟಿ ರಕ್ತ ನಿಲ್ಲಿಸುವ ಉಪಾಯವನ್ನೂ ಕಲಿಸಿದವರು ಅವರೇ.

ಈಗ ಗಂಟು. ಇಲ್ಲಿ ಅಣ್ಣ ಎರಡು ಬೇರೆ ಮಾತನ್ನು ಒಂದೇ ಗಂಟು ಹಾಕಿದ್ದಾನೆ. ನ್ಯೂಯಾರ್ಕಿನ ಪರೀಕ್ಷೆ ಎಷ್ಟು ಅಗಲ ತೆಗೆಯಬೇಕು ಎಂಬುದರ ಬಗ್ಗೆ. ಯಾವುದರಿಂದ ತೆಗೆಯಬೇಕು ಎಂಬುದರ ಬಗ್ಗೆ ಅಲ್ಲ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 300 ಜನರಲ್ಲಿ ಇದೇ ಹೋಲಿಕೆ ಮಾಡಿದರು. ಅಗಲವಾಗಿ ತೆಗೆದವರಲ್ಲಿ ಕ್ಯಾನ್ಸರ್ ಇರುವ ಗಂಟು ಹಲವು ಪಟ್ಟು ಹೆಚ್ಚು ಸಿಕ್ಕವು, ಆದರೆ ಒಟ್ಟಾರೆ ಪಿಎಸ್‌ಎ ಮರಳಿ ಏರುವುದು ತಗ್ಗಲಿಲ್ಲ. ಹಾಗಾದರೆ ಉಪಯೋಗವೇ ಇಲ್ಲವಾ? ಇದೆ. ಗಂಟಿನಲ್ಲಿ ಸಿಕ್ಕರೆ ಮುಂದೆ ರೇಡಿಯೇಷನ್ ಬೇಕಾ, ಹಾರ್ಮೋನ್ ಇಂಜೆಕ್ಷನ್ ಬೇಕಾ ಎಂದು ಡಾಕ್ಟರ್ ನಿರ್ಧಾರ ಮಾಡಬಹುದು. ಅದಕ್ಕೆ ತೆಗೆಯಬೇಕು, ಸರಿಯಾದ ಜಾಗದಿಂದ ತೆಗೆಯಬೇಕು. ಇದಕ್ಕೂ ಕೈಯೇ ಬೇಕು.

ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಗಂಟು ತೆಗೆಯುವಾಗ ಹಿರಿಯ ಸರ್ಜನ್ ಒಂದು ಕ್ಷಣ ಸಲಕರಣೆ ಕೆಳಗಿಟ್ಟು, ರಕ್ತನಾಳದ ಹಿಂದೆ ಬೆರಳು ಹಾಕಿ ಮುಟ್ಟಿ ನೋಡುತ್ತಾರೆ. ಕಣ್ಣಿಗೆ ಮೆತ್ತಗೆ ಕಾಣುವ ಕೊಬ್ಬಿನೊಳಗೆ ಗಟ್ಟಿ ಕಾಳು ಬೆರಳಿಗೆ ಸಿಗುತ್ತದೆ. ಇಲ್ಲೊಂದಿದೆ ಎಂದು ತೆಗೆದುಕೊಡುತ್ತಾರೆ, ನಾನು ಡಬ್ಬಿಗೆ ಹಾಕಿ ಎಡ, ಬಲ ಎಂದು ಚೀಟಿ ಅಂಟಿಸುತ್ತೇನೆ. ರೋಬೋಟಿನ ಬಹುತೇಕ ಮಾದರಿಗಳಲ್ಲಿ ಆ ಸ್ಪರ್ಶ ಸರ್ಜನ್ ಕೈಗೆ ಬರುವುದಿಲ್ಲ, ಕಣ್ಣಿನಿಂದಲೇ ಅಂದಾಜು. ನೀರಿನ ಚೀಲದ ಮಾತೂ ಅಷ್ಟೇ. ರೋಬೋಟ್‌ನಲ್ಲಿ ಇಂಗಿಹೋಗಲು ದಾರಿ ಇದೆ ಎಂಬುದು ಹೌದು, ಆದರೂ ಚೀಲ ಆಗುತ್ತದೆ, ಜ್ವರ ಬರುತ್ತದೆ, ಕಾಲು ಊದುತ್ತದೆ, ಸೂಜಿ ಹಾಕಿ ತೆಗೆಯಬೇಕಾಗುತ್ತದೆ.

ಸಣ್ಣ ತೂತು ಎಂದರೆ ಯಾವಾಗಲೂ ಒಳ್ಳೆಯದು ಎಂದು ನಾನೂ ನಂಬಿದ್ದೆ. 2018ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 631 ಹೆಂಗಸರು. ಸಣ್ಣ ತೂತಿನಲ್ಲಿ ಮಾಡಿದವರಲ್ಲಿ ನಾಲ್ಕೂವರೆ ವರ್ಷಕ್ಕೆ ಕಾಯಿಲೆ ಇಲ್ಲದೆ ಉಳಿದವರು ನೂರಕ್ಕೆ 86, ಹೊಟ್ಟೆ ಕೊಯ್ದವರಲ್ಲಿ 96.5. ಎಲ್ಲರೂ ಬೆಚ್ಚಿಬಿದ್ದರು. ಪ್ರಾಸ್ಟೇಟ್ ಬೇರೆ ಅಂಗ, ಅಲ್ಲಿ ಹಾಗೆ ಕಂಡಿಲ್ಲ, ಆ ಅಂಜಿಕೆ ಯಾರಿಗೂ ಬೇಡ. ಆದರೆ ಆ ದಿನದಿಂದ ಹೊಸದು ಎಂಬ ಒಂದೇ ಕಾರಣಕ್ಕೆ ನಾನು ತಲೆಯಾಡಿಸುವುದನ್ನು ಬಿಟ್ಟಿದ್ದೇನೆ.

ಇನ್ನು ನಮ್ಮ ಕಾಕಾ. ಅಣ್ಣ ಇಡೀ ಬರಹದಲ್ಲಿ ಕಾಕಾನ ಪ್ರಾಸ್ಟೇಟ್ ಬಗ್ಗೆ ಬರೆದಿದ್ದಾನೆ, ಕಾಕಾನ ಎದೆಯ ಬಗ್ಗೆ ಒಂದು ಸಾಲಿಲ್ಲ. ನಲವತ್ತು ವರ್ಷ ಬೀಡಿ ಸೇದಿದ ಎದೆ ಅದು. ತೊಗರಿ ರಾಶಿ ಮಾಡುವಾಗ ಧೂಳಿಗೆ ಕೆಮ್ಮು ಹತ್ತಿದರೆ ರಾತ್ರಿಯಿಡೀ ನಿಲ್ಲುವುದಿಲ್ಲ. ರೋಬೋಟ್ ಆಪರೇಷನ್‌ನಲ್ಲಿ ಪೇಷಂಟನ್ನು ತಲೆ ಕೆಳಗೆ, ಕಾಲು ಮೇಲೆ ಬರುವ ಹಾಗೆ ಜೋರಾಗಿ ಓರೆ ಮಾಡಿ ಮಲಗಿಸುತ್ತಾರೆ. ಕರುಳು ಮೇಲೆ ಸರಿದು ಜಾಗ ಕಾಣಲಿ ಎಂದು. ಹೊಟ್ಟೆ ತುಂಬ ಗ್ಯಾಸ್. ಹಾಗೆ ಮೂರು ತಾಸು, ಗಂಟು ತೆಗೆಯುವುದಿದ್ದರೆ ಇನ್ನೂ ಜಾಸ್ತಿ. ಕರುಳೆಲ್ಲ ಎದೆಯ ಕಡೆ ಒತ್ತುತ್ತದೆ. ಒಳಗೆ ಹೋದ ಗ್ಯಾಸ್ ರಕ್ತಕ್ಕೆ ಸೇರಿ ಶ್ವಾಸಕೋಶದಿಂದಲೇ ಹೊರಗೆ ಬರಬೇಕು. ಗಟ್ಟಿ ಎದೆಯವರಿಗೆ ತೊಂದರೆಯಿಲ್ಲ. ಕಾಕಾನ ಎದೆ ತಡೆಯುತ್ತದಾ? ಹೈದರಾಬಾದಿನ ಅಂದಾಜು ಪಟ್ಟಿ ಬರೆಯುವ ಮೊದಲು ಅವರ ಉಸಿರಿನ ಪರೀಕ್ಷೆ ಮಾಡಿಸಿ ಎಂದು ಒಬ್ಬರೂ ಹೇಳಿಲ್ಲ. ಓಪನ್‌ನಲ್ಲಿ ಹೊಟ್ಟೆಯ ಗಾಯದ ನೋವಿಗೆ ಕೆಮ್ಮಲು ಆಗುವುದಿಲ್ಲ, ಕಫ ನಿಲ್ಲುತ್ತದೆ ಎಂಬ ಅಪಾಯ ಇದ್ದೇ ಇದೆ. ಅದನ್ನೂ ತಿಳಿದೇ ಹೇಳುತ್ತಿದ್ದೇನೆ. ಎರಡನ್ನೂ ಅರಿವಳಿಕೆ ಡಾಕ್ಟರ್ ತೂಗಿ ನೋಡಲಿ. ಯಂತ್ರ ಆರಿಸುವುದು ಆ ಮೇಲೆ.

ದೂರದ ಮಾತು. ಅಣ್ಣ ಹೋಗುವ ದಾರಿ ಹೇಳಿದ, ಬರುವ ದಾರಿ ಹೇಳಲಿಲ್ಲ. ಪೈಪು ಏಳೋ ಹತ್ತೋ ದಿನ ಇರುತ್ತದೆ, ಅದನ್ನು ತೆಗೆಸಲು ಮತ್ತೆ ಹೋಗಬೇಕು. ಆರು ವಾರಕ್ಕೆ ಪಿಎಸ್‌ಎ, ಆಮೇಲೆ ಮೂರು ತಿಂಗಳಿಗೊಮ್ಮೆ. ಹೋದ ವರ್ಷ ನಮ್ಮ ಓಣಿಯವರೊಬ್ಬರು ದೂರದ ಊರಿನಲ್ಲಿ ರೋಬೋಟ್ ಆಪರೇಷನ್ ಮಾಡಿಸಿಕೊಂಡು ಮೂರನೇ ದಿನ ಮನೆಗೆ ಬಂದರು. ಐದನೇ ರಾತ್ರಿ ರಕ್ತದ ಹೆಪ್ಪು ಬಂದು ಪೈಪು ಕಟ್ಟಿತು. ಹೊಟ್ಟೆ ಉಬ್ಬಿ ಒದ್ದಾಡುತ್ತಿದ್ದರು. ಇಲ್ಲಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ನಾವು ಮುಟ್ಟುವುದಿಲ್ಲ, ಹೊಲಿಗೆ ಹೊಸದು, ಮಾಡಿದವರ ಹತ್ತಿರವೇ ಹೋಗಿ ಎಂದರು. ಮಾಡಿದವರು ಫೋನಿನಲ್ಲಿ, ಅಲ್ಲೇ ತೊಳೆಸಿಕೊಳ್ಳಿ ಎಂದರು. ರಾತ್ರಿ ಎರಡು ಗಂಟೆಗೆ ನನಗೆ ಕರೆ ಬಂತು. ನಾನು ಮನೆಗೆ ಹೋಗಿ, ಆ ಡಾಕ್ಟರ್ ಫೋನಿನಲ್ಲಿ ಹೇಳಿದಂತೆ ಸಲೈನಿನಿಂದ ಮೆಲ್ಲಗೆ ತೊಳೆದೆ. ಕೈ ನಡುಗುತ್ತಿತ್ತು. ಬೇಗ ಮನೆಗೆ ಕಳಿಸುವುದು ಆಸ್ಪತ್ರೆ ಪಕ್ಕದಲ್ಲಿ ಮನೆ ಇರುವವರಿಗೆ ವರ. ಇನ್ನೂರು ಕಿಲೋಮೀಟರ್ ಆಚೆ ಇರುವವರಿಗೆ?

ಹಣ. ಕಾಕಾಗೆ ವಿಮೆ ಇಲ್ಲ, ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅದನ್ನು ಬಿಟ್ಟು ಅಣ್ಣ ತೆಗೆದಿಟ್ಟಿರುವುದು ಎರಡು ಎಕರೆ ಹೊಲದ ಕಾಗದ. ಆ ಹೊಲ ಹೋದರೆ ಕಾಕಾ ಆಪರೇಷನ್ ಆಗಿ ಬಂದು ಮಾಡುವುದಾದರೂ ಏನು? ಕ್ಯಾನ್ಸರ್ ಒಂದೇ ಖರ್ಚಿನಲ್ಲಿ ಮುಗಿಯುವ ಕಾಯಿಲೆಯಲ್ಲ. ಗಂಟಿನಲ್ಲಿ ಏನಾದರೂ ಸಿಕ್ಕರೆ ರೇಡಿಯೇಷನ್, ಇಂಜೆಕ್ಷನ್ ಎಲ್ಲ ಮುಂದೆ ಇದೆ. ಮೊದಲ ದಿನವೇ ಕೈ ಖಾಲಿ ಮಾಡಿಕೊಂಡರೆ ಆಗ ಯಾರ ಬಾಗಿಲಿಗೆ ಹೋಗುವುದು?

ಅಷ್ಟಕ್ಕೂ ಆಪರೇಷನ್ನೇ ಏಕೈಕ ದಾರಿ ಅಂತ ಯಾರು ಹೇಳಿದರು? ಕಾಕಾನಂಥ ಕಾಯಿಲೆಗೆ ರೇಡಿಯೇಷನ್ ಜೊತೆ ಕೆಲ ತಿಂಗಳು ಹಾರ್ಮೋನ್ ಕೊಡುವುದೂ ಒಪ್ಪಿತವಾದ ಚಿಕಿತ್ಸೆಯೇ. ಕೆಮ್ಮುವ ಎದೆಗೆ ಅದೇ ಹಗುರ ಇರಬಹುದು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ನಮ್ಮೂರಲ್ಲೇ ಇದೆ. ಒಂದು ಸಲ ರೇಡಿಯೇಷನ್ ಡಾಕ್ಟರ್ ಎದುರಿಗೆ ಕುಳಿತು ಕೇಳಿ ಬರಲು ಏನು ಅಡ್ಡಿ?

ಇಷ್ಟು ಬರೆದ ಮೇಲೆ ಅಣ್ಣ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಹೌದು, ಸಣ್ಣ ತೂತಿನವರು ಬೇಗ ಏಳುತ್ತಾರೆ. ನಾನೇ ನೋಡಿದ್ದೇನೆ. ಎದೆ ಗಟ್ಟಿ ಇದ್ದು, ಕಾಸಿಗೆ ಹೊಲ ಹೋಗದೆ, ನೂರಾರು ಮಾಡಿದ ಕೈಯೊಂದು ರೋಬೋಟ್ ಹಿಡಿದು ಕುಳಿತಿದ್ದರೆ ನಾನು ಅಡ್ಡ ಬರುತ್ತಿರಲಿಲ್ಲ. ನನ್ನ ವಿರೋಧ ಹೈದರಾಬಾದಿನ ಆ ಕಾಗದಕ್ಕೆ.

ನಮ್ಮೂರಲ್ಲಿ ನಾನು ಎಂಟು ವರ್ಷ ಪಕ್ಕದಲ್ಲಿ ನಿಂತು ನೋಡಿದ ಒಬ್ಬ ಯೂರಾಲಜಿ ಸರ್ಜನ್ ಇದ್ದಾರೆ. ಓಪನ್ ಮಾಡುತ್ತಾರೆ, ಗಂಟು ತೆಗೆಯುತ್ತಾರೆ. ಮೊನ್ನೆ ಅವರನ್ನೇ ನೇರವಾಗಿ ಕೇಳಿದೆ. ಎಷ್ಟು ಮಾಡಿದ್ದೀರಿ ಸರ್, ಎಷ್ಟು ಜನಕ್ಕೆ ವರ್ಷದ ಮೇಲೂ ಪ್ಯಾಡ್ ಬೇಕಾಯಿತು, ಗಂಟು ಎಲ್ಲಿಯವರೆಗೆ ತೆಗೆಯುತ್ತೀರಿ? ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಡ್ರಾಯರ್‌ನಿಂದ ಒಂದು ನೋಟ್‌ಬುಕ್ ತೆಗೆದರು. ಪ್ರತಿ ಪೇಷಂಟ್‌ದೂ ಅವರೇ ಬರೆದಿಟ್ಟಿದ್ದರು. ಶನಿವಾರ ಕುಟುಂಬದವರನ್ನು ಕರೆದುಕೊಂಡು ಬಾ, ಓದಿ ಹೇಳುತ್ತೇನೆ ಎಂದರು. ಆಪರೇಷನ್‌ಗೆ ಮೊದಲಿನಿಂದಲೇ ಮೂತ್ರ ತಡೆಯುವ ಸ್ನಾಯುವಿನ ವ್ಯಾಯಾಮ ಶುರು ಮಾಡಿಸು ಅಂತಲೂ ಅಂದರು. ಅಪ್ಪನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಕಾ ಈಗ ಕಟ್ಟೆಯ ಮೇಲೆ ಕುಳಿತು ದಿನಾ ಮೂರು ಹೊತ್ತು ಮಾಡುತ್ತಿದ್ದಾರೆ.

ಅದೇ ಮೂರು ಪ್ರಶ್ನೆಯನ್ನು ಅಣ್ಣ ಹೈದರಾಬಾದಿಗೂ ಫೋನ್ ಮಾಡಿ ಕೇಳಲಿ. ಮಾರ್ಕೆಟಿಂಗ್‌ನವರನ್ನಲ್ಲ, ಸರ್ಜನ್‌ರನ್ನೇ. ಅವರ ಉತ್ತರ ಇವರಿಗಿಂತ ಚೆನ್ನಾಗಿದ್ದು, ಉಸಿರಿನ ಪರೀಕ್ಷೆಯೂ ಸರಿಯಿದ್ದರೆ ಬ್ಯಾಗ್ ನಾನೇ ಕಟ್ಟುತ್ತೇನೆ. ಆ ರಿಪೋರ್ಟ್ ಶುಕ್ರವಾರ ಸಂಜೆ ಕೈಗೆ ಬರುತ್ತದೆ. ಅಣ್ಣಾ, ಶನಿವಾರ ಹತ್ತು ಗಂಟೆಗೆ ಶಾಲೆಗೆ ರಜೆ ಹಾಕಿ ಬಾ. ಕಾಕಾನೂ ಬರುತ್ತಾರೆ. ಅವರಿಗೂ ಏನೋ ಕೇಳುವುದಿದೆಯಂತೆ, ನಮ್ಮಿಬ್ಬರಿಗೂ ಇನ್ನೂ ಹೇಳಿಲ್ಲ.